ಬಿದರಿ ಹೂಜಿಗೂ ಒಂದು ಪುಷ್ಪಿಕೆ ಬೇಕು

ಹಳೆಯ ವಸ್ತುಗಳ ಅಂಗಡಿಯಲ್ಲಿ ಗಿರಾಕಿಗಳು ಬೆಲೆ ಕೇಳುತ್ತಾರೆ. ವಸ್ತು ಯಾವ ಮನೆಯಿಂದ ಬಂದಿತೆಂದು ಕೇಳುವವರು ವಿರಳ. ಗ್ರಾಮಫೋನ್ ತಟ್ಟೆಗೆ ಇದರಿಂದ ಹೆಚ್ಚಿನ ಹಾನಿಯಿಲ್ಲ. ತಾಳೆಗರಿಯ ಪ್ರತಿಗೆ ಲಿಪಿಕಾರನ ಪುಷ್ಪಿಕೆಯಿರುವಂತೆ, ಅದರ ನಡುವಿನ ಚೀಟಿಯಲ್ಲಿ ಗಾಯಕರ ಹೆಸರು, ಕಂಪನಿ, ಕ್ರಮಸಂಖ್ಯೆಗಳು ಅಚ್ಚಾಗಿರುತ್ತವೆ. ಬಿದರಿ ಹೂಜಿಗೆ ಸಾಮಾನ್ಯವಾಗಿ ಅಂಥ ಆಧಾರವಿಲ್ಲ. ಸತು-ತಾಮ್ರದ ಮಿಶ್ರಲೋಹ, ಬೆಳ್ಳಿಯ ಕುಸುರಿ, ಬೀದರ್ ಕೋಟೆಯ ಮಣ್ಣಿನಿಂದ ಮೂಡಿದ ಕಪ್ಪು ಬಣ್ಣ, ಇವು ಕಲೆಯ ಮೂಲವನ್ನಷ್ಟೇ ಹೇಳುತ್ತವೆ. ಅದು ಭಾಲ್ಕಿಯ ಮನೆಯದೋ ಔರಾದಿನದೋ ಎಂಬುದು ಮಾರುವವರ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಈ ಸೀಮೆಯಲ್ಲಿ ಕನ್ನಡ, ಉರ್ದು, ಮರಾಠಿ ಮನೆಗಳ ಬಾಳನ್ನು ಅರಿಯಲು ಅಂಥ ನೆನಪೂ ಆಕರವೇ. ಆದ್ದರಿಂದ ಕೊಳ್ಳುವವರು ರಸೀದಿಯ ಬೆನ್ನಿನ ಮೇಲೆ ಊರು, ಮನೆತನ, ಕೈಬದಲಾದ ವರ್ಷಗಳನ್ನು ಬರೆಸಿಕೊಳ್ಳಬೇಕು.