ಬಂಪರ್ ಬಿರಿದರೆ ಮರ್ಯಾದೆ ಹೋಗುವುದಿಲ್ಲ

ಕಾರಿನ ಬಂಪರ್ ಇರುವುದೇ ಗುದ್ದಿಸಿಕೊಳ್ಳಲು. ಅದರ ಮೇಲೆ ಒಂದು ಗೀರು ಬಿದ್ದರೆ ಮನೆತನಕ್ಕೇ ಕಳಂಕ ಹತ್ತಿದ ಹಾಗೆ ಆಡುವ, ಗೇಣುದ್ದದ ಬಿರುಕಿಗೆ ಇಡೀ ಬಂಪರ್ ಕಿತ್ತೆಸೆದು ಎಂಟು-ಹತ್ತು ಸಾವಿರ ಸುರಿದು ಬರುವ ನಮ್ಮ ಜನರ ಮೇಲೆ ನನ್ನದೊಂದು ತಕರಾರಿದೆ. ನಮ್ಮ ಜನ ಅಂದರೆ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಹೊಟ್ಟೆಪಾಡಿಗೆ ಪುಣೆಯ ದಾರಿ ಹಿಡಿದವರು. ನಾನೂ ಅವರಲ್ಲೊಬ್ಬ. ಇಂಡಿಯ ಕಡೆಯವನು, ಪುಣೆಯವರೆಗೆ ಹೋಗದೆ ಸೋಲಾಪುರ ಹೆದ್ದಾರಿಯ ಮೇಲಿನ ಇಂದಾಪುರದಲ್ಲೇ ನಿಂತವನು.

ಇಂದಾಪುರದಲ್ಲಿ ಕಾರು ಇಟ್ಟುಕೊಂಡವನಿಗೆ ಗೀರು, ಬಿರುಕು ಹೊಸತಲ್ಲ. ಬಿಜವಡಿ, ಶಹಾಜಿನಗರ, ಭವಾನಿನಗರದ ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಯಿತೆಂದರೆ ರಸ್ತೆ ತುಂಬ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು. ಎರಡೂ ಬದಿ ಚಾಚಿಕೊಂಡ ಕಬ್ಬು ಪಕ್ಕದ ಕಾರನ್ನು ಸವರದೆ ಹೋಗುವುದಿಲ್ಲ. ಹಂಗಾಮು ಮುಗಿಯುವಷ್ಟರಲ್ಲಿ ಬಿಸಿಲು. ನೆರಳಿಲ್ಲದ ಕಡೆ ನಿಂತ ಗಾಡಿಯ ಕಪ್ಪು ಪಟ್ಟಿ, ಕನ್ನಡಿಯ ಬುಡ, ವೈಪರಿನ ಕೆಳಗಿನ ಹಲಗೆ ಎರಡೇ ಬೇಸಿಗೆಯಲ್ಲಿ ಬೂದಿ ಬಳಿದುಕೊಂಡಂತಾಗುತ್ತವೆ.

ಹೀಗೆ ಮುಂದಿನ ಬಂಪರಿನ ಕೆಳತುಟಿ ಬಿರಿದಾಗ ನಾನು ಗಾಡಿಯನ್ನು ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದೆ. ಇಸ್ತ್ರಿ ಅಂಗಿಯ ಹುಡುಗ ಬಗ್ಗಿ ಕೂಡ ನೋಡಲಿಲ್ಲ. ‘ರಿಪೇರ್ ಹೋತ್ ನಾಹೀ, ಬದಲಾವಂಚ್ ಲಾಗೇಲ್’ ಅಂದ. ರಿಪೇರಿ ಆಗೋದಿಲ್ಲ, ಬದಲಿಸಲೇಬೇಕು. ಎಸ್ಟಿಮೇಟಿನಲ್ಲಿ ಬಂಪರು, ಬಣ್ಣ, ಕೂಲಿ, ಕ್ಲಿಪ್ಪು, ಮೇಲೆ ಜಿಎಸ್‌ಟಿ ಎಲ್ಲ ಇದ್ದವು. ಬೆಸುಗೆ ಎಂಬ ಸಾಲು ಮಾತ್ರ ಇರಲಿಲ್ಲ. ನನಗೆ ಸಿಟ್ಟು ಬಂದದ್ದು ಆ ‘ಆಗೋದಿಲ್ಲ’ ಎಂಬ ಮಾತಿಗೆ. ‘ನಾವು ಮಾಡೋದಿಲ್ಲ’ ಅಂದಿದ್ದರೆ ಅದು ಪ್ರಾಮಾಣಿಕ ಉತ್ತರವಾಗುತ್ತಿತ್ತು.

ಯಾಕೆಂದರೆ ಆಗುತ್ತದೆ. ಬಂಪರನ್ನು ಬಿಚ್ಚಿ ಒಳಮೈ ನೋಡಿ. ಅಚ್ಚಿನಲ್ಲೇ ಮೂಡಿದ ಸಣ್ಣ ಅಕ್ಷರಗಳಿರುತ್ತವೆ. ‘ಪಿಪಿ’ ಅಂದರೆ ಪಾಲಿಪ್ರೊಪಿಲೀನ್, ‘ಇಪಿಡಿಎಂ’ ಅಂದರೆ ಅದರಲ್ಲಿ ಬೆರೆಸಿದ ರಬ್ಬರು. ಪಕ್ಕದಲ್ಲಿ ‘ಟಿ20’ ಎಂದಿದ್ದರೆ ಅದು ಕ್ರಿಕೆಟ್ ಅಲ್ಲ, ನೂರಕ್ಕೆ 20 ಪಾಲು ಟಾಲ್ಕ್ ಪುಡಿ ಸೇರಿದೆ ಎಂದರ್ಥ. ಪಾಲಿಪ್ರೊಪಿಲೀನ್ ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಇಂಥ ವಸ್ತುವಿಗೆ ಬೆಸುಗೆ ಕೂಡುವುದಿಲ್ಲ ಎನ್ನುವುದು ಸುಳ್ಳು. ಗ್ರಿಲ್‌ನಂಥ ಭಾಗಗಳು ಸಾಮಾನ್ಯವಾಗಿ ‘ಎಬಿಎಸ್’ ಪ್ಲಾಸ್ಟಿಕ್ಕಿನವು. ಅವು ಅಸಿಟೋನಿನಲ್ಲಿ ಕರಗುತ್ತವೆ, ಅಂಟಿಗೂ ಒಗ್ಗುತ್ತವೆ. ಪಿಪಿಗೆ ಮಾಮೂಲಿ ಅಂಟು ಹಿಡಿಯದು. ಬಂಪರಿಗೆ ಫೆವಿಕ್ವಿಕ್ ಹಾಕಿ, ಎರಡು ದಿನಕ್ಕೆ ಬಿಟ್ಟುಕೊಂಡಾಗ ‘ಪ್ಲಾಸ್ಟಿಕ್ ರಿಪೇರಿ ಅಂದರೆ ಇಷ್ಟೇ’ ಎಂದು ಬೈಯುವವರು ಆ ಅಕ್ಷರ ಓದಿರುವುದಿಲ್ಲ.

ಕೆಲಸ ಹೀಗೆ. ಬಿರುಕು ಮುಗಿಯುವಲ್ಲಿ ಸಣ್ಣದೊಂದು ತೂತು ಕೊರೆಯಬೇಕು, ಇಲ್ಲದಿದ್ದರೆ ಅದು ಮುಂದಕ್ಕೆ ಓಡುತ್ತದೆ. ಒಳಮೈಯಲ್ಲಿ ಬಿರುಕಿನ ಗುಂಟ ಕಾಲುವೆಯಂತೆ ಕೆತ್ತಿ, ಕಾದ ಸೋಲ್ಡರಿಂಗ್ ಗನ್ನಿನಿಂದ ಸ್ಟೀಲ್ ಜಾಳಿಗೆಯನ್ನು ಪ್ಲಾಸ್ಟಿಕ್ಕಿನೊಳಗೆ ಇಳಿಸಬೇಕು. ಗುಜರಿಯಿಂದ ತಂದ ಅದೇ ಜಾತಿಯ ಬಂಪರಿನ ಪಟ್ಟಿ ಕತ್ತರಿಸಿ ಮೇಲೆ ಕರಗಿಸಿ ತುಂಬಬೇಕು. ಹೊಗೆ ಒಳ್ಳೆಯದಲ್ಲ, ಬಯಲಲ್ಲೇ ಮಾಡಿ. ಬಿರಿಯದೆ ಬರೀ ಒಳಗೆ ತಗ್ಗು ಬಿದ್ದಿದ್ದರೆ ಒಂದು ಕೆಟಲ್ ಕುದಿನೀರು ಸುರಿದು ಹಿಂದಿನಿಂದ ಒತ್ತಿದರೆ ಎಷ್ಟೋ ಸಲ ತಾನಾಗಿಯೇ ಹೊರಗೆ ಬರುತ್ತದೆ.

ಬಣ್ಣದ ವಿಷಯದಲ್ಲಿ ಮೋಸ ಮಾಡುವುದು ಬಣ್ಣವಲ್ಲ, ನಮ್ಮ ಅವಸರ. ಮೊದಲು ಪಾತ್ರೆ ತಿಕ್ಕುವ ಸೋಪಿನಿಂದ ಜಿಡ್ಡು, ಪಾಲಿಶ್ ಎಲ್ಲ ಹೋಗುವಂತೆ ತೊಳೆಯಬೇಕು. ಆಮೇಲೆ 180, 320, 600 ನಂಬರಿನ ಪಾಲಿಶ್ ಪೇಪರಿನಿಂದ ಒಂದಾದ ಮೇಲೊಂದು ತಿಕ್ಕಬೇಕು. ತಗ್ಗು ತುಂಬಲು ತಗಡಿನ ಪುಟ್ಟಿ ಬೇಡ. ಬಂಪರ್ ಬಾಗುತ್ತದೆ, ಅದು ಬಾಗದೆ ಸಿಡಿಯುತ್ತದೆ. ಪ್ಲಾಸ್ಟಿಕ್ಕಿಗೆಂದೇ ಬರುವ ಪುಟ್ಟಿ ಸಿಗುತ್ತದೆ. ಬರೀ ಪಿಪಿಯ ಮೇಲೆ ಬಣ್ಣ ಕೂರುವುದಿಲ್ಲ, ಕೆಸುವಿನೆಲೆಯ ಮೇಲಿನ ನೀರಿನ ಹಾಗೆ. ಅದಕ್ಕೆ ಹಿಡಿತ ಕೊಡುವ ಪ್ಲಾಸ್ಟಿಕ್ ಪ್ರೈಮರನ್ನು ಬಿಟ್ಟು ಬಣ್ಣ ಹೊಡೆದವರ ಬಂಪರೇ ಮಳೆಗಾಲಕ್ಕೆ ಹಪ್ಪಳದಂತೆ ಏಳುವುದು. ನಿಮ್ಮ ಗಾಡಿಯ ಬಣ್ಣದ ಕೋಡ್ ಬಾನೆಟ್ಟಿನ ಕೆಳಗೋ ಬಾಗಿಲ ಕಂಬದ ಮೇಲೋ ಸ್ಟಿಕರಿನಲ್ಲಿ ಇರುತ್ತದೆ. ತೆಳ್ಳಗೆ ಒಂದು ಕೋಟು, ಹತ್ತು-ಹದಿನೈದು ನಿಮಿಷ ಬಿಡುವು, ಮತ್ತೊಂದು ಕೋಟು, ಕೊನೆಗೆ ಕ್ಲಿಯರ್. ಇಂದಾಪುರದ ಏಪ್ರಿಲ್ ಮಧ್ಯಾಹ್ನ ಸ್ಪ್ರೇ ಮಾಡಿದರೆ ಹನಿ ಗಾಡಿಗೆ ಮುಟ್ಟುವ ಮೊದಲೇ ಒಣಗಿ ಮೈಯೆಲ್ಲ ಮರಳು ಮರಳು. ನಸುಕಿನಲ್ಲಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ ಹೊಡೆಯಬೇಕು. ಡಬ್ಬಿಗಳು, ಪೇಪರು, ಪುಟ್ಟಿ ಎಲ್ಲ ಸೇರಿ ನನಗೆ ತಗುಲಿದ್ದು ಎರಡು ಸಾವಿರದೊಳಗೆ.

ಬೂದಿಯಾದ ಕಪ್ಪು ಪಟ್ಟಿಗೆ ಕೊಬ್ಬರಿ ಎಣ್ಣೆ, ಬೂಟು ಪಾಲಿಶ್ ಹಚ್ಚುವವರಿದ್ದಾರೆ. ನಾಲ್ಕು ದಿನ ಮಿಂಚಿ, ಐದನೆಯ ದಿನ ಊರ ಧೂಳನ್ನೆಲ್ಲ ಕರೆದುಕೊಳ್ಳುತ್ತದೆ. ಆ ಕಪ್ಪು ಮೇಲೆ ಬಳಿದದ್ದಲ್ಲ, ಪ್ಲಾಸ್ಟಿಕ್ಕಿನೊಳಗೇ ಕಲಸಿದ್ದು. ಬಿಸಿಲು ಸುಟ್ಟಿರುವುದು ಮೇಲ್ಪದರವನ್ನು ಮಾತ್ರ. ಆ ಪದರ ತಿಕ್ಕಿ ತೆಗೆದು, ಪ್ರೈಮರ್ ಕೊಟ್ಟು, ಟ್ರಿಮ್ಮಿಗೆಂದೇ ಬರುವ ಮ್ಯಾಟ್ ಕಪ್ಪು ಹೊಡೆದರೆ ಅದು ಉಳಿಯುತ್ತದೆ.

ಇಷ್ಟು ಸರಳವಾದದ್ದನ್ನು ‘ಆಗೋದಿಲ್ಲ’ ಎನ್ನುವುದರ ಹಿಂದೆ ಲೆಕ್ಕವಿದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನೂ ತಪಾಸಣೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆಯೋಗದ ತೀರ್ಮಾನ. ಕಂಪನಿಗಳು ಕೋರ್ಟಿಗೆ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕಿ’ಗಾಗಿ ಸಮಿತಿ ಮಾಡಿತು, ವಾಹನಗಳನ್ನೂ ಅದರಲ್ಲಿ ಸೇರಿಸಿತು. ಒಳ್ಳೆಯದೇ. ಆದರೆ ದಿಲ್ಲಿಯಲ್ಲಿ ಹಕ್ಕು ಕೊಟ್ಟರೂ ಇಲ್ಲಿ ನಾವು ಸ್ಕ್ರೂಡ್ರೈವರ್ ಹಿಡಿಯದಿದ್ದರೆ ಆ ಹಕ್ಕು ಯಾರಿಗೆ?

‘ಇನ್ಶೂರೆನ್ಸ್ ಇದೆಯಲ್ಲ’ ಎನ್ನುವವರು ಪಾಲಿಸಿ ಬಿಚ್ಚಿ ಓದಲಿ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿ ಎಂದು ಶೇ. 50 ಕಳೆಯುತ್ತಾರೆ. ಬಣ್ಣದ ಸಾಮಗ್ರಿಯ ಮೇಲೂ ಅಷ್ಟೇ. ಮೇಲಾಗಿ ಕ್ಲೇಮ್ ಮಾಡದೆ ವರ್ಷ ವರ್ಷ ಕೂಡಿಸಿದ ಬೋನಸ್, ಶೇ. 20ರಿಂದ ಶುರುವಾಗಿ 50ರವರೆಗೆ ಏರುವಂಥದ್ದು, ಒಂದು ಬಂಪರಿಗಾಗಿ ಮುಂದಿನ ಸಲ ಸೊನ್ನೆಗೆ ಬರುತ್ತದೆ.

‘ಮನೆಯಲ್ಲೇ ಮಾಡಿಕೊಂಡರೆ ಡೆಂಟಿಂಗ್-ಪೇಂಟಿಂಗ್ ಹುಡುಗರ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ’ ಎಂದು ಗೆಳೆಯರು ಕೇಳುತ್ತಾರೆ. ಅವರ ಹೊಟ್ಟೆಗೆ ಹೊಡೆಯುವುದು ಎಸ್ಟಿಮೇಟಿನಿಂದ ಬೆಸುಗೆಯನ್ನು ತೆಗೆದುಹಾಕಿದ ವ್ಯವಸ್ಥೆ. ನಾಲ್ಕು ಗೀರು ತಾನೇ ತಿಕ್ಕಿದವನಿಗೆ ಮಾತ್ರ ಅವರ ಕೈಚಳಕದ ಬೆಲೆ ತಿಳಿಯುತ್ತದೆ, ಅಂಥವನು ದೊಡ್ಡ ಕೆಲಸಕ್ಕೆ ಅವರಲ್ಲಿಗೇ ಹೋಗುತ್ತಾನೆ, ಚೌಕಾಸಿ ಮಾಡದೆ ಕೊಡುತ್ತಾನೆ. ಕೈ ಹಾಕಬಾರದ ಜಾಗಗಳೂ ಇವೆ. ಏರ್‌ಬ್ಯಾಗಿನ ಮುಚ್ಚಳಕ್ಕೆ ಬಣ್ಣವನ್ನೂ ಅಂಟನ್ನೂ ಮುಟ್ಟಿಸಬೇಡಿ. ಗುದ್ದು ಜೋರಾಗಿದ್ದರೆ ಬಂಪರಿನ ಹಿಂದಿನ ಲೋಹದ ಅಡ್ಡಪಟ್ಟಿಯನ್ನು ತಿಳಿದವರಿಗೆ ತೋರಿಸಿ. ಹೊಸ ಗಾಡಿಗಳಲ್ಲಿ ಬಂಪರಿನ ಹಿಂದೆ ರೇಡಾರ್ ಇದ್ದರೆ ಆ ಜಾಗವನ್ನು ಬಿಟ್ಟುಬಿಡಿ. ಎರಡು ಡಬ್ಬಿ ಬೆರೆಸಿ ಹೊಡೆಯುವ ಗಟ್ಟಿ ಕ್ಲಿಯರ್ ಶ್ವಾಸಕೋಶಕ್ಕೆ ವಿಷ, ಅದು ಅಂಗಳದ ಕೆಲಸವಲ್ಲ.

ನಿಜವಾದ ಅಡ್ಡಿ ಇವು ಯಾವುವೂ ಅಲ್ಲ, ನಾಚಿಕೆ. ಜಾತ್ರೆಗೆ ಊರಿಗೆ ಹೋದರೆ ನಮ್ಮ ಕಾಕಾ ಗಾಡಿಗೆ ಒಂದು ಸುತ್ತು ಹಾಕಿ, ‘ಪುಣೇ ಕಡೆ ಇರಾಂವ ನೀ, ಇಂಥಾ ತ್ಯಾಪಿ ಹಚ್ಚಿದ ಗಾಡಿ ತಂದೀಯಲ್ಲೋ ತಮ್ಮಾ’ ಅನ್ನುತ್ತಾರೆ. ಅವರು ಹಾಗೆ ಅಂದಾರೆಂಬ ಭಯಕ್ಕೇ ನಮ್ಮವರು ಜಾತ್ರೆಯ ಹಿಂದಿನ ವಾರ ಸಾಲ ಮಾಡಿಯಾದರೂ ಹೊಸ ಬಂಪರ್ ಹಾಕಿಸುತ್ತಾರೆ. ಕಾರು ನಮ್ಮನ್ನು ಊರಿಗೆ ಒಯ್ಯುವ ಸಾಧನವಾಗಿ ಉಳಿದಿಲ್ಲ, ನಾವು ಪಟ್ಟಣದಲ್ಲಿ ಗೆದ್ದಿದ್ದೇವೆ ಎಂಬುದರ ಸರ್ಟಿಫಿಕೇಟ್ ಆಗಿದೆ. ಹಾಗೆ ಕೇಳುವ ಕಾಕಾ ರಾತ್ರಿ ಹೊದ್ದು ಮಲಗುವುದು ಯಾವುದನ್ನು? ಕೌದಿಯನ್ನು. ಹಳೆಯ ಸೀರೆ, ಧೋತರದ ತ್ಯಾಪಿಗಳನ್ನು ಒಂದರ ಮೇಲೊಂದಿಟ್ಟು ಹೆಂಗಸರು ಹೊಲಿದದ್ದನ್ನು. ಅದರ ತ್ಯಾಪಿಗೆ ಯಾರೂ ನಾಚಿದ್ದನ್ನು ನಾನು ಕಂಡಿಲ್ಲ. ಇಂದು ಅದೇ ಕೌದಿ ಪಟ್ಟಣದ ಅಂಗಡಿಗಳಲ್ಲಿ ಕರಕುಶಲ ಎಂಬ ಚೀಟಿ ಅಂಟಿಸಿಕೊಂಡು ಮಾರಾಟವಾಗುತ್ತದೆ, ನಾವೇ ಕೊಳ್ಳುತ್ತೇವೆ.

ಕುಂಟೆಯ ಹಲ್ಲು ಮುರಿದರೆ ಕುಲುಮೆಗೆ ಓಡಿ, ಸಂಜೆಯೊಳಗೆ ಹೊಲಕ್ಕೆ ಮರಳುತ್ತಿದ್ದವರ ಮಕ್ಕಳು ನಾವು. ನಮಗೆ ಕೈ ಬರುವುದಿಲ್ಲ ಎಂದು ನಂಬಿಸಿ, ಆ ನಂಬಿಕೆಯ ಮೇಲೆ ಬಿಲ್ಲು ಬರೆಯುತ್ತಿದ್ದಾರೆ. ಮುಂದಿನ ಸಲ ಯಾರಾದರೂ ‘ಬದಲಾವಂಚ್ ಲಾಗೇಲ್’ ಅಂದರೆ, ‘ಬಂಪರಿನ ಹಿಂದೆ ಏನು ಬರೆದಿದೆ ಓದಿ ಹೇಳು’ ಎಂದು ಕೇಳಿ. ಓದಿ ಹೇಳಿದರೆ ಅಲ್ಲೇ ಮಾಡಿಸಿ. ಓದದಿದ್ದರೆ ಗಾಡಿ ತಿರುಗಿಸಿ, ಭಾನುವಾರ ನಸುಕಿನಲ್ಲಿ ಅಂಗಳಕ್ಕೆ ನೀರು ಚಿಮುಕಿಸಿ ಕೆಲಸಕ್ಕೆ ಕೂತುಬಿಡಿ.