ಹರಿಯದೆಯೇ ಹಳತಾದ ಫೋನು

ಬಾದಾಮಿ ಹತ್ತಿರದ ಮಹಾಕೂಟದ ಗುಡಿಯ ಹೊರಗೆ ತೆಂಗಿನಕಾಯಿ, ಊದಿನಕಡ್ಡಿ, ಕರ್ಪೂರ ಇಟ್ಟುಕೊಂಡು ಕೂರುವ ಹಿರಿಯ ಹೆಣ್ಣುಮಗಳೊಬ್ಬರು ಕಳೆದ ಶ್ರಾವಣದಲ್ಲಿ ತಮ್ಮ ಫೋನನ್ನು ನನ್ನ ಕೈಗಿಟ್ಟರು. "ತಮ್ಮಾ, ಇದಕ್ಕ ಏನಾಗೈತಿ ನೋಡು. ರೊಕ್ಕ ಬಂದದ್ದು ತೋರಸವಲ್ದು" ಎಂದರು.

ನೋಡಿದೆ. ಗಾಜಿನ ಮೇಲೆ ಒಂದು ಗೀರಿಲ್ಲ. ಮುಂಜಾನೆ ಚಾರ್ಜ್ ಮಾಡಿದರೆ ಸಂಜೆಯ ತನಕ ಬರುತ್ತದೆ. ಮಾತು ಸ್ವಚ್ಛವಾಗಿ ಕೇಳುತ್ತದೆ. ಹಣ ಪಾವತಿಯ ಆ್ಯಪ್ ಮಾತ್ರ ತೆರೆಯದು. ಅಪ್‌ಡೇಟ್ ಮಾಡಿರಿ ಅನ್ನುತ್ತದೆ; ಮಾಡಹೋದರೆ ಈ ಫೋನಿಗೆ ಹೊಸ ಆ್ಯಪ್ ಹೊಂದುವುದಿಲ್ಲ ಅನ್ನುತ್ತದೆ. ಬುಟ್ಟಿಗೆ ಅಂಟಿಸಿದ ಕ್ಯೂಆರ್ ಚೀಟಿ ಎಂದಿನಂತೆ ದುಡ್ಡು ತೆಗೆದುಕೊಳ್ಳುತ್ತಿತ್ತು. ಬಂತೋ ಇಲ್ಲವೋ ಎಂದು ತಿಳಿಯುವ ದಾರಿ ಮುಚ್ಚಿತ್ತು. ಗಿರಾಕಿ ತನ್ನ ಫೋನಿನಲ್ಲಿ ಏನು ತೋರಿಸಿದನೋ ಅದನ್ನೇ ನಂಬಿ ಕಾಯಿ ಕೊಡುತ್ತಿದ್ದರು.

ಬಾದಾಮಿಯ ರಿಪೇರಿ ಅಂಗಡಿಯ ಹುಡುಗ ಎರಡು ನಿಮಿಷ ಒತ್ತಿ ನೋಡಿ ತಿರುಗಿ ಕೊಟ್ಟ. "ಸೆಟ್ ಚಲೋ ಐತ್ರಿ. ಕಂಪನಿಯವ್ರು ಕೈ ಬಿಟ್ಟಾರ."

ಈ ಮಾತು ನನ್ನನ್ನು ಬಿಡಲಿಲ್ಲ. ವಸ್ತು ಕೆಡುವುದು ಬೇರೆ, ಅದನ್ನು ಕೈಬಿಡುವುದು ಬೇರೆ. ನಮ್ಮ ಹಿರಿಯರಿಗೆ ಗೊತ್ತಿದ್ದುದು ಮೊದಲನೆಯದು ಮಾತ್ರ. ಮಡಿಕೆ ಒಡೆಯುತ್ತದೆ, ಕುಡುಗೋಲು ಸವೆಯುತ್ತದೆ, ಸೀರೆ ಹರಿಯುತ್ತದೆ. ಎಲ್ಲೋ ದೂರದಲ್ಲಿ ಯಾರೋ ಒಂದು ತೀರ್ಮಾನ ತೆಗೆದುಕೊಂಡ ಮಾತ್ರಕ್ಕೆ ಕೈಯಲ್ಲಿರುವ ಗಟ್ಟಿ ಕುಡುಗೋಲು ಮರುದಿನದಿಂದ ಜೋಳ ಕೊಯ್ಯದೇ ಹೋಗುವುದು ಅವರ ಕಲ್ಪನೆಗೂ ಬರುತ್ತಿರಲಿಲ್ಲ. ಇವತ್ತು ನಾವು ದುಡ್ಡು ಕೊಟ್ಟು ತರುವ ಫೋನು ಅಂಥ ಕುಡುಗೋಲು. ಅದರ ಅರ್ಧ ನಮ್ಮ ಕೈಯಲ್ಲಿರುತ್ತದೆ, ಇನ್ನರ್ಧ ಮಾರಿದವನ ಹತ್ತಿರವೇ ಉಳಿದಿರುತ್ತದೆ.

ಬೇಕೆಂದೇ ವಸ್ತುವಿನ ಆಯುಷ್ಯ ಕತ್ತರಿಸುವುದು ಹೊಸ ಚಾಳಿಯಲ್ಲ. 1924ರಲ್ಲಿ ಜಿನೀವಾದಲ್ಲಿ ದೊಡ್ಡ ದೊಡ್ಡ ಬಲ್ಬ್ ಕಂಪನಿಗಳು ಫೀಬಸ್ ಎಂಬ ಕೂಟ ಕಟ್ಟಿಕೊಂಡು ಬಲ್ಬು ಸುಮಾರು 1,000 ಗಂಟೆಗಿಂತ ಹೆಚ್ಚು ಉರಿಯದಂತೆ ನೋಡಿಕೊಂಡವು. ಹೆಚ್ಚು ಉರಿಯುವ ಬಲ್ಬು ಮಾಡಿದವರಿಗೆ ದಂಡವನ್ನೂ ಹಾಕಿದವು. ಫೋನಿನ ಕಾಲಕ್ಕೆ ಬಂದರೆ, ಹಳೆ ಬ್ಯಾಟರಿಯಿರುವ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದಾಗಿ ಆ್ಯಪಲ್ ಕಂಪನಿ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಫೋನು ಇದ್ದಕ್ಕಿದ್ದಂತೆ ಬಂದ್ ಆಗಬಾರದೆಂದು ಹಾಗೆ ಮಾಡಿದೆವು ಎಂಬುದು ಅದು ಕೊಟ್ಟ ಕಾರಣ. ಕಾರಣ ನಿಜವೇ ಇರಬಹುದು. 2020ರಲ್ಲಿ ಫ್ರಾನ್ಸ್ 2.5 ಕೋಟಿ ಯೂರೊ ದಂಡ ಹಾಕಿದ್ದು ವೇಗ ತಗ್ಗಿಸಿದ್ದಕ್ಕಲ್ಲ, ಗ್ರಾಹಕರಿಗೆ ಹೇಳದೆ ತಗ್ಗಿಸಿದ್ದಕ್ಕೆ. ಬ್ಯಾಟರಿ ಬದಲಿಸಿದರೆ ಸಾಕಿತ್ತು ಎಂದು ತಿಳಿಯದ ಜನ ಹೊಸ ಫೋನೇ ಕೊಂಡರು.

ಆದರೆ ಮಹಾಕೂಟದ ಆ ಫೋನಿನ ಹಿಂದೆ ಇಂಥ ಸಂಚಿತ್ತೆಂದು ನಾನು ಹೇಳಲಾರೆ. ಅಲ್ಲಿ ನಡೆದದ್ದು ಇನ್ನೂ ಸಾದಾ, ಅದಕ್ಕೇ ಹೆಚ್ಚು ಚಿಂತೆಯದು. ಫೋನಿನ ಹೊಟ್ಟೆಯಲ್ಲಿರುವ ಚಿಪ್ಪನ್ನು ಮಾಡುವವರು ಒಬ್ಬರು, ಆಂಡ್ರಾಯ್ಡ್ ಬರೆಯುವವರು ಇನ್ನೊಬ್ಬರು, ಇವೆರಡನ್ನೂ ಕೂಡಿಸಿ ಹೆಸರು ಹಾಕಿ ಮಾರುವವರು ಮತ್ತೊಬ್ಬರು. ಚಿಪ್ಪು ಕೆಲಸ ಮಾಡಬೇಕಾದರೆ ಅದಕ್ಕೆಂದೇ ಬರೆದ ಡ್ರೈವರ್ ಎಂಬ ತಂತ್ರಾಂಶ ಬೇಕು. ಆಂಡ್ರಾಯ್ಡ್ ಹೊಸದಾದಾಗ ಡ್ರೈವರನ್ನೂ ಹೊಂದಿಸಿ ಕೊಡಬೇಕು. ಚಿಪ್ಪಿನವರು ಒಂದೆರಡು ವರ್ಷ ಕೊಟ್ಟು ನಿಲ್ಲಿಸಿದರೆ ಫೋನಿನವರೂ ಕೈ ಚೆಲ್ಲುತ್ತಾರೆ. ಆಮೇಲೆ ಬ್ಯಾಂಕಿನವರು, ಈ ಹಳೆ ಆವೃತ್ತಿಯಲ್ಲಿ ಕಳ್ಳಗಿಂಡಿಗಳಿವೆ, ನಮ್ಮ ಆ್ಯಪ್ ಅದರ ಮೇಲೆ ಓಡಿಸಲಾರೆವು ಎನ್ನುತ್ತಾರೆ. ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಸರಿಯಾದ ಕಾರಣವಿದೆ. ಎಲ್ಲ ಕಾರಣಗಳ ಭಾರ ಬಂದು ಬೀಳುವುದು ಕಾಯಿಬುಟ್ಟಿಯ ಮೇಲೆ. ಫೋನು ಹೆಚ್ಚು ದಿನ ಬಾಳಲಿ ಎಂಬ ಹೊಣೆ ಈ ಸಾಲಿನಲ್ಲಿ ಯಾರದೂ ಅಲ್ಲ. ಯಾರೂ ಹೊರದ ಹಾಗೆ ವ್ಯವಸ್ಥೆಯನ್ನು ಜೋಡಿಸಿಟ್ಟಿರುವುದನ್ನೇ ನಾನು ಯೋಜಿತ ಎನ್ನುತ್ತೇನೆ.

ಬ್ಯಾಂಕಿನವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಳೆ ಫೋನಿನ ಕಿಂಡಿಯಿಂದ ಕಳ್ಳ ಬಂದರೆ ಹೋಗುವುದು ಕಾಯಿ ಮಾರುವವರ ಉಳಿತಾಯವೇ. ಆದ್ದರಿಂದ ಹಳೆ ಫೋನಿನಲ್ಲಿ ಎಲ್ಲವೂ ನಡೆಯಲೇಬೇಕೆಂಬ ಹಟ ನನಗಿಲ್ಲ. ನನ್ನ ತಕರಾರು ಬೇರೆ. ಹೊಸ ಆವೃತ್ತಿ ಕೊಡುವುದು ಒಂದು ಕೆಲಸ, ಹಳೆ ಆವೃತ್ತಿಯ ಕಿಂಡಿ ಮುಚ್ಚುವುದು ಇನ್ನೊಂದು ಕೆಲಸ. ಮೊದಲನೆಯದು ಹೊಸ ಅಂಗಿ, ಎರಡನೆಯದು ಹರಿದಲ್ಲಿ ಹಾಕುವ ತೇಪೆ. ಇಂಗ್ಲಿಷಿನವರೂ ಅದನ್ನು ಪ್ಯಾಚ್ ಎಂದೇ ಕರೆಯುತ್ತಾರೆ, ಅಂದರೆ ತೇಪೆಯೇ. ಬಡವರ ಫೋನಿಗೆ ಬೇಕಾದ್ದು ಹೊಸ ಐಕಾನು, ಹೊಸ ಬಣ್ಣ ಅಲ್ಲ, ತೇಪೆ. ಹಲವು ಕಂಪನಿಗಳು ತೇಪೆಯನ್ನು ಹೊಸ ಅಂಗಿಗಿಂತ ತುಸು ಹೆಚ್ಚು ಕಾಲ ಕೊಡುತ್ತವೆ ನಿಜ, ಆದರೆ ಕೊನೆಗೆ ಅದನ್ನೂ ನಿಲ್ಲಿಸುತ್ತವೆ.

ತೇಪೆಯ ಬೆಲೆ ಈ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಇಳಕಲ್ಲಿನ ಸೀರೆಯ ಒಡಲು ಬೇರೆ ಹಾಸು, ಸೆರಗು ಬೇರೆ ಹಾಸು. ಎರಡರ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿ ಮುಂದೆ ನೇಯುತ್ತಾರೆ. ಒಂದಕ್ಕೊಂದು ಹೊಂದದ ಎರಡನ್ನು ಕೂಡಿಸುವ ಶ್ರಮವೇ ಆ ಸೀರೆಯ ಹೆಗ್ಗಳಿಕೆ. ಆ ಸೀರೆ ಉಟ್ಟು ಉಟ್ಟು ಜೀರ್ಣವಾದ ಮೇಲೂ ಮುಗಿಯುವುದಿಲ್ಲ. ಅಂಚು ಬಿಡಿಸಿ, ಗಟ್ಟಿ ಇದ್ದ ತುಂಡುಗಳನ್ನು ಆಯ್ದು, ಪದರದ ಮೇಲೆ ಪದರ ಹಾಕಿ ಕೌದಿ ಹೊಲಿಯುತ್ತಾರೆ. ನಮ್ಮ ಮನೆಯ ಕೌದಿಯಲ್ಲಿ ನನ್ನ ಅಜ್ಜಿಯ ಸೀರೆ ಇದೆ, ಅವ್ವನ ಖಣವಿದೆ, ನನ್ನ ಶಾಲೆಯ ಅಂಗಿಯೂ ಇದೆ. ಚಳಿಗಾಲದಲ್ಲಿ ಇವತ್ತಿಗೂ ಅದೇ ಹೊದಿಕೆ. ಹಾಗೆ ಹೊಲಿಯಲು ಬಂದದ್ದು ಸೀರೆ ಪೂರ್ತಿ ನಮ್ಮದಾಗಿದ್ದಕ್ಕೆ. ಕತ್ತರಿ ಹಾಕಲು ನೇಕಾರರ ಅಪ್ಪಣೆ ಬೇಕಿರಲಿಲ್ಲ. ಫೋನಿಗೆ ಆ ಭಾಗ್ಯವಿಲ್ಲ. ಬೇರೆ ತಂತ್ರಾಂಶ ಹಾಕಿಕೊಳ್ಳಲು ಹೋದರೆ ಬೀಗ. ಎಷ್ಟೋ ಫೋನುಗಳಲ್ಲಿ ಆ ಬೀಗ ತೆಗೆಯುವ ದಾರಿಯನ್ನೇ ಇಟ್ಟಿಲ್ಲ. ಬೀಗ ತೆಗೆದು ಹಾಕಿಕೊಂಡರೂ, ಈ ಫೋನಿಗೆ ಕೈ ಹಚ್ಚಿದ್ದೀರಿ ಎಂದು ಬ್ಯಾಂಕಿನ ಆ್ಯಪ್ ಕೆಲಸ ಮಾಡದೇ ಇರಬಹುದು. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿರುತ್ತಾರೆ. ಹಿಂದಿನ ಫೋನುಗಳಲ್ಲಿ ಉಗುರಿನಿಂದ ಮುಚ್ಚಳ ತೆಗೆದು ಬ್ಯಾಟರಿ ಬದಲಿಸುತ್ತಿದ್ದೆವಲ್ಲ, ಆ ಕೆಲಸಕ್ಕೆ ಈಗ ಬಿಸಿಗಾಳಿ ಊದುವ ಯಂತ್ರವಿರುವ ಅಂಗಡಿಗೇ ಹೋಗಬೇಕು.

ಹೆಚ್ಚು ವರ್ಷ ನಡೆಸಲು ಆಗುವುದೇ ಇಲ್ಲ ಎಂಬ ಮಾತು ಈಗ ಉಳಿದಿಲ್ಲ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ 7 ವರ್ಷ ಅಪ್‌ಡೇಟ್ ಕೊಡುತ್ತೇನೆ ಎಂದಿತು. 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಎಸ್24 ಸಾಲಿಗೆ ಅದೇ ಮಾತು ಕೊಟ್ಟಿತು. ಅದೇ ವರ್ಷ ಇಪ್ಪತ್ತು ಸಾವಿರ ರೂಪಾಯಿಯ ಒಳಗಿನ ತನ್ನ ಎ16 ಫೋನಿಗೂ 6 ವರ್ಷದ ಭರವಸೆ ಇತ್ತಿತು. ಹಿಂದೆ ಬೇಗ ಸುಸ್ತಾಗುತ್ತಿದ್ದವರು ಇಂದು ಏಳು ವರ್ಷ ಓಡಬಲ್ಲರು ಎಂದಾದರೆ, ಕೊರತೆ ಇದ್ದದ್ದು ತಂತ್ರಜ್ಞಾನದಲ್ಲಿ ಅಲ್ಲ. ಯೂರೋಪಿನ ಒಕ್ಕೂಟ ಇನ್ನೂ ಮುಂದೆ ಹೋಗಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುವ ಫೋನುಗಳಿಗೆ, ಆ ಮಾದರಿಯ ಮಾರಾಟ ನಿಂತ ದಿನದಿಂದ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕು, 7 ವರ್ಷ ಬಿಡಿಭಾಗ ಸಿಗಬೇಕು. ಕೊಂಡ ದಿನದಿಂದಲ್ಲ, ಮಾರಾಟ ನಿಂತ ದಿನದಿಂದ ಎಂಬುದನ್ನು ಗಮನಿಸಬೇಕು. ನಮ್ಮ ಕಡೆ ಬಿಡುಗಡೆಯಾಗಿ ಎರಡು ವರ್ಷ ಕಳೆದ ಫೋನನ್ನು ದೀಪಾವಳಿಯ ರಿಯಾಯಿತಿಯಲ್ಲಿ ಕೊಳ್ಳುವವರೂ ಇದ್ದಾರೆ. ಲೆಕ್ಕ ಬಿಡುಗಡೆಯಿಂದ ಶುರುವಾದರೆ, ಅಗ್ಗವಾಗಿ ಕೊಂಡವನಿಗೆ ಸಿಗುವುದು ಬಾಳಿ ಉಳಿದ ಆಯುಷ್ಯ ಮಾತ್ರ.

ಭಾರತದಲ್ಲಿ 2022ರ ಜುಲೈನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿತು, ಡಿಸೆಂಬರ್ 24ರಂದು ಒಂದು ಪೋರ್ಟಲ್ ತೆರೆಯಿತು. 2025ರಲ್ಲಿ ಇನ್ನೊಂದು ಸಮಿತಿ ದುರಸ್ತಿ ಸೂಚ್ಯಂಕದ ವರದಿ ಕೊಟ್ಟಿತು. ಬಿಡಿಭಾಗ, ಬಿಚ್ಚುವ ಸುಲಭತೆಯ ಜೊತೆಗೆ ತಂತ್ರಾಂಶದ ಅಪ್‌ಡೇಟನ್ನೂ ಅದು ಅಳತೆಗೆ ಸೇರಿಸಿದೆ. ಒಳ್ಳೆಯ ಹೆಜ್ಜೆ. ಆದರೆ ಅಂಕ ಕೊಡುವುದು ಒಂದು, ಹೊಣೆ ಹೊರಿಸುವುದು ಮತ್ತೊಂದು.

ಕಂಪನಿಗಳಿಗಿಂತ ಮೊದಲು ನಾನು ಕೇಳಬೇಕಾದದ್ದು ಸರ್ಕಾರವನ್ನೇ. ಪೇಟೆಯ ಆ್ಯಪ್ ಬೇಡವೆನ್ನಬಹುದು, ಸರ್ಕಾರದ ಆ್ಯಪ್ ಬೇಡವೆನ್ನಲಾಗದು. ಉದ್ಯೋಗ ಖಾತರಿ ಕೆಲಸದಲ್ಲಿ 2023ರ ಜನವರಿ 1ರಿಂದ ಹಾಜರಿಯನ್ನು ಮೊಬೈಲ್ ಆ್ಯಪ್‌ನಲ್ಲೇ ಹಾಕುವುದು ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ತೆಗೆದು ಏರಿಸಬೇಕಿತ್ತು. ಈ ಕೆಲಸ ಬಿದ್ದದ್ದು ಕೂಲಿ ತಂಡವನ್ನು ನೋಡಿಕೊಳ್ಳುವ ಕಾಯಕ ಬಂಧುಗಳ ಮೇಲೆ, ಬಹುಪಾಲು ಅವರ ಸ್ವಂತ ಫೋನಿನ ಮೇಲೆ. ಒಬ್ಬರ ಫೋನು ಹ್ಯಾಂಗ್ ಆದರೆ ಇಡೀ ತಂಡದ ಕೂಲಿ ತೂಗಾಡುತ್ತಿತ್ತು. ಪಕ್ಕದ ಮಹಾರಾಷ್ಟ್ರದಲ್ಲಿ 2021ರ ಆಗಸ್ಟ್‌ನಿಂದ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಫೋನುಗಳನ್ನು ಸರ್ಕಾರಕ್ಕೇ ತಿರುಗಿ ಕೊಟ್ಟು ಪ್ರತಿಭಟಿಸಿದರು. 2 ಜಿಬಿ ರ‍್ಯಾಮಿನ ಆ ಫೋನುಗಳ ವಾರಂಟಿ ಮುಗಿದಿತ್ತು, ಬಿಸಿಯಾಗುತ್ತಿದ್ದವು, ಹೊಸ ಆ್ಯಪಿನ ಭಾರ ತಡೆಯುತ್ತಿರಲಿಲ್ಲ. ನಮ್ಮ ರಾಜ್ಯದಲ್ಲೇ 2024ರ ಸೆಪ್ಟೆಂಬರ್ ಕೊನೆಯಲ್ಲಿ ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರಕ್ಕೆ ಕೂತಾಗ, ಹತ್ತಾರು ಆ್ಯಪ್‌ಗಳ ಕೆಲಸ ಹೇರಿ ಅದಕ್ಕೆ ತಕ್ಕ ಫೋನು, ಲ್ಯಾಪ್‌ಟಾಪ್ ಕೊಟ್ಟಿಲ್ಲ ಎಂಬುದು ಅವರ ಮುಖ್ಯ ದೂರಾಗಿತ್ತು. ಸಂಬಳ ಬರುವ ಅಧಿಕಾರಿಗಳಿಗೇ ಈ ಪಾಡಾದರೆ, ಎರಡು ಎಕರೆ ಹೊಲದ ರೈತ ಬೆಳೆ ಸಮೀಕ್ಷೆಯ ಆ್ಯಪ್ ತೆರೆಯಲು ಯಾವ ಫೋನು ತರಬೇಕು? ಸರ್ಕಾರ ಒಂದು ಆ್ಯಪ್ ಕಡ್ಡಾಯ ಮಾಡುವಾಗ ಹತ್ತು ವರ್ಷ ಹಳೆಯ ಫೋನಿನಲ್ಲಿ ಅದನ್ನು ಓಡಿಸಿ ನೋಡಬೇಕು. ಹಳೆ ಆವೃತ್ತಿ ನಿಲ್ಲಿಸುವುದಿದ್ದರೆ ವರ್ಷ ಮೊದಲೇ ಪಂಚಾಯ್ತಿ ಫಲಕದಲ್ಲಿ ಕನ್ನಡದಲ್ಲಿ ಬರೆಯಬೇಕು. ಆ್ಯಪ್ ನಡೆಯದವರಿಗೆ ಕಾಗದದ ದಾರಿ ತೆರೆದಿರಬೇಕು.

ಅಂದು ರಿಪೇರಿ ಅಂಗಡಿಯಿಂದ ಮಹಾಕೂಟಕ್ಕೆ ತಿರುಗಿ ಬಂದವನು ಪುಷ್ಕರಣಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ. ಇಲ್ಲಿದ್ದ ಚಾಲುಕ್ಯ ದೊರೆ ಮಂಗಲೇಶನ ಧರ್ಮಸ್ತಂಭ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಒಂದನೆಯ ಪುಲಿಕೇಶಿಯ ರಾಣಿ ದುರ್ಲಭದೇವಿ ಇಲ್ಲಿನ ದೇವರು ಮಕುಟೇಶ್ವರನಿಗೆ ಗ್ರಾಮಗಳನ್ನು ಬಿಟ್ಟುಕೊಟ್ಟ ಸಂಗತಿ ಅದರಲ್ಲಿದೆ. ಗುಡಿಯಲ್ಲಿಯೇ ಇರುವ ಕನ್ನಡ ಶಾಸನವೊಂದು, ಅದೇ ವಂಶದ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆಯ ಜೊತೆಗೆ ಹೊಲವನ್ನೂ ಕೊಟ್ಟಳೆಂದು ಹೇಳುತ್ತದೆ. ಪೀಠ, ಕೊಡೆಯಷ್ಟೇ ಸಾಕಿತ್ತಲ್ಲ, ಹೊಲ ಯಾಕೆ? ನಾನು ಓದಿಕೊಳ್ಳುವುದು ಹೀಗೆ: ಕೊಟ್ಟ ವಸ್ತುವನ್ನು ನಾಳೆ ನೋಡಿಕೊಳ್ಳುವವರು ಬೇಕು, ಅವರಿಗೆ ಅನ್ನ ಬೇಕು, ಆ ಅನ್ನದ ಏರ್ಪಾಡೂ ದಾನದ ಭಾಗವೇ ಎಂದು ಆಕೆ ತಿಳಿದಿದ್ದಳು. ದಾನಕ್ಕೂ ವ್ಯಾಪಾರಕ್ಕೂ ಅಂತರವಿದೆ ಎಂಬುದು ನನಗೆ ಗೊತ್ತು. ಆದರೂ, ಉಚಿತವಾಗಿ ಕೊಟ್ಟವರು ಮುಂದಿನ ಪೋಷಣೆಯನ್ನು ಕಲ್ಲಿನಲ್ಲಿ ಬರೆಸಿದ ನೆಲದಲ್ಲಿ, ದುಡ್ಡು ಎಣಿಸಿಕೊಂಡು ಮಾರಿದವರು ಅದನ್ನು ಪೆಟ್ಟಿಗೆಯ ಮೇಲೆ ಬರೆಯಲಿ ಎಂದು ಕೇಳುವುದು ಹೆಚ್ಚಿನ ಬೇಡಿಕೆಯಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಭದ್ರತೆಯ ಅಪ್‌ಡೇಟ್ ಯಾವ ದಿನದವರೆಗೆ ಎಂಬುದನ್ನು ಗ್ರಾಹಕರಿಗೆ ತಿಳಿಸುವುದು ಕಾನೂನು. ಔಷಧದ ಪೊಟ್ಟಣದ ಮೇಲೆ ಅವಧಿ ಅಚ್ಚಾಗುವ ನಮ್ಮ ದೇಶಕ್ಕೆ ಇದು ಕಷ್ಟದ ಕೆಲಸವೇನಲ್ಲ. ಆ ದಿನ ಮುಗಿದ ಮೇಲೆ ಬೀಗದ ಕೈಯನ್ನೂ ಕೊಟ್ಟು ಹೋಗಲಿ. ನೋಡಿಕೊಳ್ಳಲು ಒಲ್ಲದವರು ಇತರರನ್ನು ತಡೆಯಬಾರದು.

ಬನಶಂಕರಿ ಜಾತ್ರೆ ಮುಗಿದ ಮೇಲೆ ಮತ್ತೆ ಹೋದಾಗ ಅವರ ಬುಟ್ಟಿಯ ಪಕ್ಕ ಹೊಸ ಫೋನಿತ್ತು. ಮಗ ಕಂತಿನ ಮೇಲೆ ಕೊಡಿಸಿದ್ದಾನಂತೆ, ಹತ್ತು ಕಂತು. ಪೆಟ್ಟಿಗೆಯನ್ನೂ ಜೋಪಾನವಾಗಿ ಚೀಲದಲ್ಲಿ ಇಟ್ಟುಕೊಂಡಿದ್ದರು. ಅದನ್ನು ನನ್ನ ಕೈಗೆ ಕೊಟ್ಟು, "ಇದು ಎಷ್ಟ ವರ್ಸ ಬರ್ತೈತಿ, ತಮ್ಮಾ? ಇದರ ಮ್ಯಾಲ ಬರ್ದಿರಬೇಕಲ್ಲ" ಎಂದರು. ಆರೂ ಮುಖ ತಿರುಗಿಸಿ ಓದಿದೆ. ಬೆಲೆ ಇತ್ತು, ತಯಾರಾದ ತಿಂಗಳಿತ್ತು, ಬಣ್ಣದ ಹೆಸರಿತ್ತು, ಕೊಟ್ಟ ಚಾರ್ಜರಿನ ಲೆಕ್ಕವಿತ್ತು, ತರಂಗಗಳ ಪ್ರಮಾಣವನ್ನೂ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಅವರು ಕೇಳಿದ್ದು ಇರಲಿಲ್ಲ.