ನರುಮಿ ಯಾಕೆ ಬಚ್ಚಿಡ್ತಾಳೆ?

ಹೋದ ಶನಿವಾರ ರಾತ್ರಿ ಲ್ಯಾಬ್ ರೆಕಾರ್ಡ್ ಬರೀಬೇಕಿತ್ತು. ಬರೀಲಿಲ್ಲ. 'ವೊಟಾಕೋಯಿ' ಅನ್ನೋ ಅನಿಮೆಯ ಮೂರು ಎಪಿಸೋಡ್ ನೋಡಿ ಮಲಗಿದೆ. 2018ರಲ್ಲಿ ಬಂದದ್ದು, ಒಟ್ಟು ಇರೋದೇ 11 ಎಪಿಸೋಡ್. ನಿಮ್ಮಲ್ಲಿ ಕೆಲವರು ಆಗಲೇ ಮುಗಿಸಿರಬಹುದು. ಆದ್ದರಿಂದ ಇದನ್ನು ವಿಮರ್ಶೆ ಅಂದ್ಕೋಬೇಡಿ, ಮೊದಲ ಅನಿಸಿಕೆ ಅಷ್ಟೆ.

ನರುಮಿ ಹೊಸ ಆಫೀಸಿಗೆ ಸೇರ್ತಾಳೆ. ಹೊರಗೆ ಎಲ್ಲರ ಹಾಗೆ ನಗುಮುಖದ ಹುಡುಗಿ, ಒಳಗೆ ಪಕ್ಕಾ ಒಟಾಕು. ಹುಡುಗ-ಹುಡುಗರ ಪ್ರೇಮಕಥೆ ಅಂದ್ರೆ ಪ್ರಾಣ, ತಾನೇ ಅಂಥ ಕಾಮಿಕ್ಸ್ ಬರೆದು ಮಾರ್ತಾಳೆ. ಅದೇ ಆಫೀಸಲ್ಲಿ ಅವಳ ಹಳೇ ಸ್ಕೂಲ್ ಗೆಳೆಯ ಹಿರೊತಾಕಾ ಸಿಗ್ತಾನೆ. ಇವನು ಗೇಮ್ ಹುಚ್ಚ, ಯಾರು ಏನು ಅಂದ್ಕೊಂಡ್ರೂ ತಲೆ ಕೆಡಿಸ್ಕೊಳ್ಳಲ್ಲ. ಸಿಕ್ಕ ಕೂಡಲೇ ಕಲೀಗ್ಸ್ ಮುಂದೇನೇ ಕಾಮಿಕೆಟ್ ವಿಷಯ ಎತ್ತಿಬಿಡ್ತಾನೆ. ಕಾಮಿಕೆಟ್ ಅಂದ್ರೆ ಟೋಕಿಯೋದಲ್ಲಿ ವರ್ಷಕ್ಕೆ ಎರಡು ಸಲ ನಡೆಯೋ, ಫ್ಯಾನ್‌ಗಳೇ ಬರೆದ ಪುಸ್ತಕಗಳ ದೊಡ್ಡ ಸಂತೆ. ಆಗ ನರುಮಿ ಮುಖ ನೋಡ್ಬೇಕು! ನಾನು ಬಿದ್ದು ಬಿದ್ದು ನಕ್ಕೆ.

ಆಮೇಲೆ ನಗು ನಿಂತುಹೋಯ್ತು. ಅವಳು ಹಳೇ ಕೆಲಸ ಬಿಟ್ಟದ್ದೇ ಈ ಕಾರಣಕ್ಕೆ. ಅಲ್ಲೇ ಕೆಲಸ ಮಾಡ್ತಿದ್ದ ಬಾಯ್‌ಫ್ರೆಂಡ್‌ಗೆ ಗುಟ್ಟು ಗೊತ್ತಾಗಿ, ಅವನು ಇವಳನ್ನು ಬಿಟ್ಟ. 'ಇಷ್ಟಕ್ಕೆಲ್ಲ ಯಾಕಮ್ಮ ಬಚ್ಚಿಡ್ತೀಯ' ಅಂತ ಹೇಳೋದು ಸುಲಭ. ಒಮ್ಮೆ ಬೆಲೆ ತೆತ್ತವಳಿಗೆ ಹಾಗೆ ಹೇಳೋಕೆ ನಮಗೇನು ಹಕ್ಕು?

ಆ ಪದದ ಹಿಂದೇನೂ ಒಂದು ಕಥೆ ಇದೆ. ಜಪಾನಿಯಲ್ಲಿ 'ಒಟಾಕು' ಅಂದ್ರೆ ಮೂಲತಃ 'ನಿಮ್ಮ ಮನೆ'; ಎದುರಿನವರನ್ನು ನಮ್ಮ 'ತಾವು' ಥರ ಕರೆಯೋಕೂ ಬಳಸ್ತಾರೆ. ಫ್ಯಾನ್‌ಗಳು ಒಬ್ಬರನ್ನೊಬ್ಬರು ಹಾಗೆ ಕರೀತಾರೆ ಅಂತ 1983ರಲ್ಲಿ ನಕಾಮೊರಿ ಅಕಿಯೊ ಅನ್ನೋ ಲೇಖಕ ಆಡಿಕೊಂಡು ಬರೆದ, ಹೆಸರು ಅಂಟಿಕೊಂಡಿತು. 1989ರಲ್ಲಿ ಮಕ್ಕಳನ್ನು ಕೊಂದವನೊಬ್ಬ ಸಿಕ್ಕಿಬಿದ್ದ. ಅವನ ರೂಮ್ ತುಂಬಾ ವಿಡಿಯೋ ಕ್ಯಾಸೆಟ್‌ಗಳು. ಆಮೇಲೆ ಒಟಾಕು ಅಂದ್ರೆ ಜನ ಅನುಮಾನದಿಂದ ನೋಡೋ ಹಾಗಾಯ್ತು. ಈಗ ಅಷ್ಟಿಲ್ಲ. ಆದ್ರೂ ನರುಮಿಯ ಹೆದರಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ.

ನಮ್ಮ ಹಾಸ್ಟೆಲಲ್ಲಿ ಅನಿಮೆ ನೋಡೋದು ಗುಟ್ಟೇನಲ್ಲ, ಫೈಟ್ ಇರೋವರೆಗೆ. ಕತ್ತಿ, ರಾಕ್ಷಸ, ರಕ್ತ ಇದ್ರೆ ಇಡೀ ರೂಮ್ ಬಂದು ಕೂರುತ್ತೆ. ರೊಮ್ಯಾಂಟಿಕ್ ಕಾಮಿಡಿ ಆದ್ರೆ ಹೆಡ್‌ಫೋನ್, ಬ್ರೈಟ್‌ನೆಸ್ ಕಮ್ಮಿ, ಗೋಡೆ ಕಡೆ ಮುಖ. ಶನಿವಾರ ರೂಮ್‌ಮೇಟ್ ಹಿಂದಿನಿಂದ ಬಂದು 'ಏನೋ ಇದು?' ಅಂದ. 'ಏನಿಲ್ಲ ಮಗಾ, ಸಜೆಷನ್‌ನಲ್ಲಿ ಬಂತು' ಅಂದೆ. ಗುಟ್ಟು ಬಚ್ಚಿಡೋಳ ಕಥೆ ನೋಡ್ತಾ ನಾನೇ ಸುಳ್ಳು ಹೇಳ್ದೆ. ನನಗಾಗಿದ್ರೆ ಕಳ್ಕೊಳ್ಳೋಕೆ ಕೆಲಸಾನೂ ಇಲ್ಲ, ಗರ್ಲ್‌ಫ್ರೆಂಡೂ ಇಲ್ಲ.

ನನಗೆ ತಕರಾರಿರೋದು ಒಂದೇ ಕಡೆ. ನರುಮಿಗೂ ಒಟಾಕು ಹುಡುಗರು ಅಂದ್ರೆ ಆಗಲ್ಲ! ಹೊರಗಿನವರು ತನ್ನ ಬಗ್ಗೆ ಏನಂತಾರೋ ಅದನ್ನೇ ಇವಳು ಬೇರೆಯವರ ಬಗ್ಗೆ ಅಂತಾಳೆ. ಇದು ಇಡೀ ಕಥೆಯಲ್ಲಿ ನನಗೆ ಅತಿ ನಿಜ ಅನಿಸಿದ ಮಾತು. ಅದನ್ನು ಇನ್ನಷ್ಟು ಕೆದಕಬೇಕಿತ್ತು. ಹಾಗಾಗಲ್ಲ. ಗೇಮಲ್ಲಿ ಹೆಲ್ಪ್ ಮಾಡ್ತೀನಿ, ಕಾಮಿಕೆಟ್‌ನಲ್ಲಿ ನಿನ್ನ ಅಂಗಡೀಲಿ ಕೂರ್ತೀನಿ, ನಾನಾಗಲ್ವಾ ಅಂತ ಹಿರೊತಾಕಾ ಕೇಳ್ತಾನೆ, ಮೊದಲ ಎಪಿಸೋಡಲ್ಲೇ ಜೋಡಿ ಸೆಟ್. ಸೀನ್ ಸೂಪರ್, ಒಪ್ಕೋತೀನಿ. ಇನ್ನೊಬ್ಬ ಒಟಾಕು ಮುಂದೆ ಗುಟ್ಟು ಬಿಚ್ಚೋದ್ರಲ್ಲಿ ರಿಸ್ಕ್ ಎಲ್ಲಿದೆ? ಏನೂ ಗೊತ್ತಿಲ್ಲದವನ ಮುಂದೆ ಹೇಳೋದಲ್ವಾ ಕಷ್ಟ? ಆಫೀಸಲ್ಲಿ ಸಿಕ್ಕ ಸೀನಿಯರ್ ಹನಾಕೋನೂ ಕಾಸ್‌ಪ್ಲೇ ಮಾಡೋಳಾಗಿಬಿಟ್ರೆ, ಹೆದರೋಕೆ ಯಾರು ಉಳಿದ್ರು?

ಆದ್ರೂ ಬಿಡಲ್ಲ, ನೋಡ್ತೀನಿ. ಹನಾಕೋ-ಕಬಾಕುರಾ ಜಗಳ ಒಂದಕ್ಕೇ ಟೈಮ್ ಕೊಡಬಹುದು. ಉಳಿದ 8 ಎಪಿಸೋಡ್ ಇಂಟರ್ನಲ್ಸ್ ಆದ ಮೇಲೆ. ಮುಗಿಸಿದವರು ದಯವಿಟ್ಟು ಮೆಸ್ಸಲ್ಲಿ ಸ್ಪಾಯ್ಲರ್ ಕೊಡ್ಬೇಡಿ. ರೂಮ್‌ಮೇಟ್ ಈ ಮ್ಯಾಗಜೀನ್ ಓದಲ್ಲ ಅಂತ ನಂಬಿದೀನಿ.